ವೈಪರ್ ಬಿಚ್ಚಲಾಗದ ಹಸಿರು ಕಾರು

ವಿದ್ಯುತ್ ಕಾರು ಹೊಗೆ ಉಗುಳುವುದಿಲ್ಲ. ಇದನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಇಲ್ಲ. ಆದರೆ ಹೊಗೆಕೊಳವೆ ಇಲ್ಲವೆಂಬ ಒಂದೇ ಕಾರಣಕ್ಕೆ ಯಂತ್ರವೊಂದಕ್ಕೆ 'ಪರಿಸರಸ್ನೇಹಿ' ಎಂಬ ಬಿರುದು ಕೊಟ್ಟು ಕೈತೊಳೆದುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯನ್ನು ಪರಿಸರ ಚಳವಳಿಯೇ ಎತ್ತಬೇಕಾಗಿದೆ. ಮಾರುವವರು ಎತ್ತಲಾರರು, ಸಬ್ಸಿಡಿ ಕೊಡುವ ಸರ್ಕಾರವೂ ಎತ್ತಲಾರದು. ಯಂತ್ರವೊಂದು ಎಷ್ಟು ವರ್ಷ ಬದುಕುತ್ತದೆ, ಕೆಟ್ಟಾಗ ಯಾರ ಕೈಯಲ್ಲಿ ದುರಸ್ತಿಯಾಗುತ್ತದೆ, ಹೆಬ್ಬೆರಳ ತುದಿಯಷ್ಟು ಭಾಗ ಸವೆದಾಗ ಎಷ್ಟು ಲೋಹ ಗುಜರಿಗೆ ಹೋಗುತ್ತದೆ ಎಂಬ ಲೆಕ್ಕವಿಲ್ಲದ ಹಸಿರು ಬಣ್ಣದ ಡಬ್ಬಿಯಿಂದ ಬಂದ ಹಸಿರು.

ಇದನ್ನು ಪರೀಕ್ಷಿಸಲು ಬ್ಯಾಟರಿಯ ಜಟಿಲ ರಸಾಯನಶಾಸ್ತ್ರದವರೆಗೆ ಹೋಗಬೇಕಿಲ್ಲ. ಮುಂಗಾಜನ್ನು ಒರೆಸುವ ವೈಪರ್ ಒಂದು ಸಾಕು. ಪರೀಕ್ಷೆ ನಡೆಸಲು ಮಹಾನಗರವೂ ಬೇಡ. ಕೊಪ್ಪಳ ಜಿಲ್ಲೆಯ ಕಾರಟಗಿಯಂಥ ಊರು ಸಾಕು.

ಮಲೆನಾಡಿನ ಓದುಗರಿಗೆ ಕಾರಟಗಿ ದೂರದ ಹೆಸರೆನಿಸೀತು. ಆದರೆ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ಕಾಲುವೆಯಲ್ಲಿ ಹರಿದು ನೆಲ್ಲಿನ ಗದ್ದೆಗಳಾಗುವ ಸೀಮೆ ಅದು. ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಆ ಊರಿನ ಬದುಕು ನಿಂತಿರುವುದು ಅಕ್ಕಿ ಗಿರಣಿಗಳ ಮೇಲೆ. ಮಲೆನಾಡಿನ ಎಷ್ಟೋ ಮನೆಗಳು ಅಂಗಡಿಯಿಂದ ತರುವ ಸೋನಾಮಸೂರಿ ಈ ಸೀಮೆಯದೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಸುರಿದರೆ ಇಲ್ಲಿ ಆರುನೂರು ಮಿ.ಮೀ. ಆಸುಪಾಸಿನಲ್ಲಿಯೇ ಮೋಡ ಕೈಚೆಲ್ಲುತ್ತದೆ. ಆದರೂ ವೈಪರಿಗೆ ಬಿಡುವಿಲ್ಲ. ಕಟಾವಿನ ಕಾಲದಲ್ಲಿ ಹೊಲದ ಧೂಳು, ವರ್ಷವಿಡೀ ಗಿರಣಿಗಳ ಹೊಟ್ಟಿನ ತೌಡು ಮತ್ತು ಕುದಿಸುವ ಒಲೆಗಳ ಬೂದಿ ಗಾಜಿನ ಮೇಲೆ ಕೂರುತ್ತವೆ. ನೆಲ್ಲಿನ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಉಪ್ಪುಕಾಗದದಂತೆ ಅದು ರಬ್ಬರನ್ನೂ ಕೀಲನ್ನೂ ತಿನ್ನುತ್ತದೆ. ಅಂದರೆ ಮಳೆಯ ನಾಡಿನಲ್ಲಿ ನೀರಿನಿಂದ, ಬಿಸಿಲ ನಾಡಿನಲ್ಲಿ ಬೂದಿಯಿಂದ, ವೈಪರ್ ಸವೆಯುವುದಂತೂ ನಿಶ್ಚಿತ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೆಯ ನಿಯಮ ವಾಹನಕ್ಕೆ ವೈಪರ್ ಇರಲೇಬೇಕೆಂದು ವಿಧಿಸುತ್ತದೆ. ಅದನ್ನು ಊರಿನಲ್ಲಿ ಬಿಚ್ಚುವಂತಿರಬೇಕೆಂದು ಯಾವ ನಿಯಮವೂ ವಿಧಿಸುವುದಿಲ್ಲ.

ಬಿಚ್ಚುವ ಕ್ರಮವನ್ನು ಇಲ್ಲಿ ಕೊಂಚ ವಿವರವಾಗಿಯೇ ಹೇಳಬೇಕು. ವಾದವೆಲ್ಲ ಈ ವಿವರದ ಮೇಲೆಯೇ ನಿಂತಿದೆ. ವೈಪರ್ ತನ್ನ ವಿಶ್ರಾಂತಿ ಸ್ಥಾನದಲ್ಲಿ, ಅಂದರೆ ಗಾಜಿನ ಬುಡದಲ್ಲಿ, ನಿಂತಿರುವಾಗ ಬ್ಲೇಡು ಎಲ್ಲಿದೆಯೆಂದು ಗಾಜಿನ ಮೇಲೆ ಟೇಪು ಅಂಟಿಸಿ ಗುರುತು ಮಾಡಿಕೊಳ್ಳುತ್ತಾರೆ. ಕಾರನ್ನು ಪೂರ್ತಿ ಆರಿಸಿ, 12 ವೋಲ್ಟಿನ ಸಣ್ಣ ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚುತ್ತಾರೆ. ವೈಪರ್ ಕೈಯ ಬುಡದ ಪ್ಲಾಸ್ಟಿಕ್ ಟೋಪಿಯನ್ನು ಎಬ್ಬಿಸಿದರೆ ಒಂದು ನಟ್ಟು. ಪಾನಾ ಹಾಕಿ ನಟ್ಟು ತೆಗೆದರೂ ಕೈ ಬರುವುದಿಲ್ಲ. ಹಲ್ಲು ಕಡಿದ ಮೊನಚು ಕೀಲಿನ ಮೇಲೆ ಅದು ವರ್ಷಗಟ್ಟಲೆ ಕಚ್ಚಿ ಕೂತಿರುತ್ತದೆ. ಸುತ್ತಿಗೆಯಿಂದ ಬಡಿದವನು ಗಾಜನ್ನೋ ಒಳಗಿನ ಕೊಂಡಿಯನ್ನೋ ಮುರಿಯುತ್ತಾನೆ. ತಿಳಿದವನು ಎರಡು ಕಾಲಿನ ಪುಟ್ಟ ಪುಲ್ಲರನ್ನು ಸಿಕ್ಕಿಸಿ ತಿರುಪು ತಿರುಗಿಸುತ್ತಾನೆ, 'ಟಕ್' ಎಂಬ ಸದ್ದಿನೊಡನೆ ಕೈ ಬಿಡಿಸಿಕೊಳ್ಳುತ್ತದೆ. ಬಳಿಕ ಗಾಜಿನ ಬುಡದಲ್ಲಿ ಉದ್ದಕ್ಕೂ ಕೂತಿರುವ ಪ್ಲಾಸ್ಟಿಕ್ ಮುಚ್ಚಳದ ಸರದಿ. ಅದರ ಕ್ಲಿಪ್ಪುಗಳು ಕೊಪ್ಪಳದ ಬೇಸಿಗೆಯಲ್ಲಿ ಬೆಂದು ಹಪ್ಪಳದಂತಾಗಿರುತ್ತವೆ, ಅವಸರಪಟ್ಟರೆ ಮುರಿಯುತ್ತವೆ. ಮುಚ್ಚಳ ತೆಗೆದರೆ ಮೋಟಾರು, ಕ್ರ್ಯಾಂಕು, ಲಿಂಕಿನ ಸರಳುಗಳು, ಎರಡು ಕೀಲುಗಳೆಲ್ಲ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ತಂತಿಯ ಕನೆಕ್ಟರು ಬಿಡಿಸಿ, ನಾಲ್ಕಾರು ಬೋಲ್ಟು ತೆಗೆದರೆ ಇಡೀ ಜೋಡಣೆ ಕೈಗೆ ಬರುತ್ತದೆ. ಮರಳಿ ಕೂರಿಸುವಾಗ ಮೋಟಾರು ವಿಶ್ರಾಂತಿ ಸ್ಥಾನಕ್ಕೆ ಬಂದ ಮೇಲೆಯೇ ಕೈ ತೊಡಿಸಬೇಕು. ಮುಚ್ಚಳದ ರಬ್ಬರನ್ನು ಸರಿಯಾಗಿ ಕೂರಿಸದಿದ್ದರೆ ಮಳೆನೀರು ಕಾರಿನೊಳಗಿನ ಗಾಳಿದಾರಿಗೆ ಇಳಿಯುತ್ತದೆ. ತಾಳ್ಮೆಯುಳ್ಳ ಹುಡುಗನೊಬ್ಬನಿಗೆ ಇದು ಒಂದು ಮುಂಜಾನೆಯ ಕೆಲಸ.

ಕೈಗೆ ಬಂದ ಜೋಡಣೆಯನ್ನು ಅಲುಗಾಡಿಸಿ ನೋಡಿದರೆ ಹತ್ತರಲ್ಲಿ ಹಲವು ಸಲ ಮೋಟಾರಿಗೆ ಏನೂ ಆಗಿರುವುದಿಲ್ಲ. ಲಿಂಕಿನ ತುದಿಯ ಗುಂಡನ್ನು ಹಿಡಿದಿರುವ ಪ್ಲಾಸ್ಟಿಕ್ ಬುಶ್ ಸವೆದಿರುತ್ತದೆ, ಇಲ್ಲವೇ ಕೀಲಿನೊಳಗೆ ತುಕ್ಕು ಹಿಡಿದಿರುತ್ತದೆ. ಆ ಬುಶ್ ಕಡಲೆಕಾಯಿಗಿಂತ ದೊಡ್ಡದಲ್ಲ. ಅದನ್ನು ಬಿಡಿಯಾಗಿ ಕೇಳಿದರೆ ಅಧಿಕೃತ ಮಳಿಗೆಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಬಿಡಿ ಬರುವುದಿಲ್ಲ, ಪೂರ್ತಿ ಅಸೆಂಬ್ಲಿ ತೆಗೆದುಕೊಳ್ಳಿ. ತಾಮ್ರದ ಸುರುಳಿ, ಅಯಸ್ಕಾಂತ, ಉಕ್ಕಿನ ಸರಳು, ಎರಕದ ಕವಚ ಎಲ್ಲವೂ ಒಂದು ಕಡಲೆಕಾಯಿಯ ದೆಸೆಯಿಂದ ಗುಜರಿಗೆ ಬೀಳುತ್ತವೆ.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ಮಲೆನಾಡಿನ ಜನ ಎಷ್ಟು ವರ್ಷ ಬೀದಿಯಲ್ಲಿಯೂ ನ್ಯಾಯಾಲಯದಲ್ಲಿಯೂ ನಿಂತರೆಂಬುದನ್ನು ಇಲ್ಲಿ ಹೇಳಬೇಕಿಲ್ಲ. ಭದ್ರೆಗೆ ಕೆಂಪು ಹೂಳು ಬೆರೆತ ಆ ವರ್ಷಗಳಲ್ಲಿ 'ದೇಶಕ್ಕೆ ಉಕ್ಕು ಬೇಡವೇ?' ಎಂದು ಕೇಳಿದವರು ಬಹಳ ಮಂದಿ. ಬೇಕು. ಆದರೆ ಬುಶ್ಶಿಗೆ ಬದಲಾಗಿ ಇಡೀ ಅಸೆಂಬ್ಲಿ ಮಾರುವ ಪದ್ಧತಿಯೂ ಬೆಟ್ಟವನ್ನೇ ಅಗೆಯುತ್ತದೆ. ಗಣಿಯನ್ನು ವಿರೋಧಿಸಿ, ಗಣಿಗೆ ಗಿರಾಕಿಯನ್ನು ಹುಟ್ಟಿಸುವ ಈ ವ್ಯಾಪಾರದ ಬಗ್ಗೆ ಸುಮ್ಮನಿರುವ ಚಳವಳಿ ಅರ್ಧ ದಾರಿಯಲ್ಲಿ ನಿಂತ ಚಳವಳಿ.

ಈ ಪದ್ಧತಿ ಪೆಟ್ರೋಲ್ ಕಾರಿನಲ್ಲಿಯೂ ಇದೆಯಲ್ಲ, ವಿದ್ಯುತ್ ಕಾರನ್ನೇಕೆ ಬೈಯುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೈಪರಿನ ಮಟ್ಟಿಗೆ ಎರಡಕ್ಕೂ ಮೂಲಭೂತ ವ್ಯತ್ಯಾಸವೇ ಇಲ್ಲ. ವಿದ್ಯುತ್ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಒತ್ತಡ ಸಾಮಾನ್ಯವಾಗಿ ಮುನ್ನೂರು, ನಾನ್ನೂರು ವೋಲ್ಟು. ಆದರೆ ದೀಪ, ಹಾರನ್ನು, ವೈಪರ್‌ಗಳು ನಡೆಯುವುದು ಹಳೆಯ ಕಾರುಗಳಲ್ಲಿರುವಂಥದೇ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಅಪಾಯದ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ತರಬೇತಿ ಇಲ್ಲದವರು ಅವುಗಳನ್ನು ಮುಟ್ಟಲೇಬಾರದು, ಇದರಲ್ಲಿ ಎರಡು ಮಾತಿಲ್ಲ. ವೈಪರಿನ ತಂತಿ ಕಿತ್ತಳೆ ಬಣ್ಣದ್ದಲ್ಲ. ಹಾಗಿದ್ದರೂ 'ವಿದ್ಯುತ್ ಕಾರು ಅಪಾಯಕಾರಿ, ಹೊರಗಿನವರು ಬಾನೆಟ್ಟನ್ನೇ ತೆರೆಯಬಾರದು' ಎಂಬ ಸಾರಾಸಗಟು ಹೆದರಿಕೆಯನ್ನು ಹಬ್ಬಿಸಲಾಗುತ್ತಿದೆ. ನಾನ್ನೂರು ವೋಲ್ಟಿನ ಭಯವನ್ನು ತೋರಿಸಿ ಹನ್ನೆರಡು ವೋಲ್ಟಿನ ವ್ಯಾಪಾರವನ್ನು ಕಾಯ್ದುಕೊಳ್ಳುವ ಜಾಣತನ ಇದು. ಪಂಪ್‌ಸೆಟ್ಟಿನ ಮೂರು ಫೇಸಿನ ಮೋಟಾರನ್ನು ಬಿಚ್ಚಿ ಸುರುಳಿ ಸುತ್ತುವ ಕೈಗಳು ಕಾರಟಗಿಯಂಥ ಪ್ರತಿ ಪೇಟೆಯಲ್ಲಿಯೂ ಇವೆ. 415 ವೋಲ್ಟಿನ ಜೊತೆ ದಿನವೂ ಬಾಳುವವರಿಗೆ ಈ ಹೆದರಿಕೆ ಹೇಳುವುದು ಹಾಸ್ಯಾಸ್ಪದ.

ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಹಳೆಯ ವೈಪರ್ ಮೋಟಾರಿನ ಬುದ್ಧಿಯೆಲ್ಲ ಅದರ ಹಲ್ಲುಚಕ್ರದ ಡಬ್ಬಿಯೊಳಗಿನ ಒಂದು ತಗಡಿನ ಬಿಲ್ಲೆಯಲ್ಲಿತ್ತು. ಚಾಲಕ ಸ್ವಿಚ್ಚು ಆರಿಸಿದರೂ ಆ ಬಿಲ್ಲೆ ಒಂದು ಸುತ್ತು ಪೂರೈಸುವವರೆಗೆ ವಿದ್ಯುತ್ತನ್ನು ಹರಿಸಿ, ಬ್ಲೇಡು ಗಾಜಿನ ಬುಡಕ್ಕೆ ಬಂದಾಗ ಕಡಿಯುತ್ತಿತ್ತು. ನೋಡಿದವರಿಗೆ ಅರ್ಥವಾಗುವ ಬುದ್ಧಿ ಅದು. ಹೊಸ ಕಾರುಗಳಲ್ಲಿ, ವಿದ್ಯುತ್ ಕಾರುಗಳಲ್ಲಂತೂ ಹೆಚ್ಚಾಗಿ, ಮೋಟಾರಿನೊಳಗೇ ಪುಟ್ಟ ಕಂಪ್ಯೂಟರು ಕೂತಿರುತ್ತದೆ. ಒಂದೇ ತಂತಿಯಲ್ಲಿ ಅದು ಕಾರಿನ ಮುಖ್ಯ ಕಂಪ್ಯೂಟರಿನೊಡನೆ ಮಾತಾಡುತ್ತದೆ. ಇದರಿಂದ ಉಪಯೋಗವಿದೆ: ಮಳೆಯ ಬಿರುಸಿಗೆ ತಕ್ಕಂತೆ ವೇಗ ತಾನಾಗಿ ಬದಲಾಗುತ್ತದೆ, ಮಂಜು ಕಟ್ಟಿದ ಗಾಜಿನ ಮೇಲೆ ಮೋಟಾರು ಸುಟ್ಟುಹೋಗುವುದಿಲ್ಲ. ಉಪದ್ರವವೂ ಇದೆ: ಕೆಲವು ಕಾರುಗಳಲ್ಲಿ ಹೊಸ ಮೋಟಾರನ್ನು ಸರಿಯಾಗಿಯೇ ಜೋಡಿಸಿದರೂ ಕಂಪನಿಯ ಉಪಕರಣ ಬಂದು 'ಇದು ನಮ್ಮದು' ಎಂದು ಒಪ್ಪಿಕೊಳ್ಳುವವರೆಗೆ ಅದು ಅಲುಗುವುದಿಲ್ಲ. ವೈಪರ್ ಕೈಗಳನ್ನು ಬಿಚ್ಚಲು ಅನುಕೂಲವಾಗುವಂತೆ ಗಾಜಿನ ಮಧ್ಯಕ್ಕೆ ತರಬೇಕಾದರೂ ಕೆಲವು ಕಾರುಗಳಲ್ಲಿ ಪರದೆಯನ್ನು ಒತ್ತಿ 'ಸರ್ವಿಸ್ ಮೋಡ್' ಹುಡುಕಬೇಕು. ಪರದೆ ಸತ್ತರೆ ವೈಪರಿಗೂ ಗ್ರಹಣ.

ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದ ವೈಪರಿಗೆ ಒಳಗೊಂದು ಹಿಡಿಕೆ ಇತ್ತು. ಕೈಯಿಂದ ಎಳೆದರೆ ಗಾಜು ಒರೆಸುತ್ತಿತ್ತು. ನೂರಿಪ್ಪತ್ತು ವರ್ಷಗಳ ಪ್ರಗತಿಯ ಫಲವನ್ನು ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಉಚ್ಚ ನ್ಯಾಯಾಲಯ 2020ರ ಮಾರ್ಚಿನಲ್ಲಿ ವಿಚಾರಿಸಬೇಕಾಯಿತು: ಮಳೆಯಲ್ಲಿ ಟೆಸ್ಲಾ ಓಡಿಸುತ್ತಿದ್ದ ಚಾಲಕನೊಬ್ಬ ವೈಪರಿನ ವೇಗ ಬದಲಿಸಲು ಪರದೆಯ ಮೇಲೆ ಕಣ್ಣು ನೆಟ್ಟು, ರಸ್ತೆ ತಪ್ಪಿ ಅಪಘಾತ ಮಾಡಿಕೊಂಡಿದ್ದ. ಪರದೆ ಮುಟ್ಟಿದ್ದು ಚಾಲನೆಯ ವೇಳೆ ಎಲೆಕ್ಟ್ರಾನಿಕ್ ಉಪಕರಣ ಬಳಸಿದ್ದಕ್ಕೆ ಸಮವೆಂದು ಅವನ ದಂಡವನ್ನು ನ್ಯಾಯಾಲಯ ಎತ್ತಿಹಿಡಿಯಿತು. ವಿನ್ಯಾಸ ಮಾಡಿದವರಿಗೆ ಅಲ್ಲಿ ದಂಡವಾಗಲಿಲ್ಲ.

ಯಂತ್ರವನ್ನು ಬಲ್ಲ ಮನುಷ್ಯನನ್ನೇ ಯಂತ್ರದಿಂದ ದೂರವಿಟ್ಟರೆ ಏನಾಗುತ್ತದೆಂಬುದಕ್ಕೆ ಕಾರಟಗಿಯ ಓದುಗರು ಜರ್ಮನಿಯನ್ನು ನೋಡಬೇಕಿಲ್ಲ, ಕಲಬುರಗಿಯನ್ನು ನೋಡಿದರೆ ಸಾಕು. 2024ರ ಸೆಪ್ಟೆಂಬರ್ 10ರಂದು ಅಲ್ಲಿ ಓಲಾ ವಿದ್ಯುತ್ ಸ್ಕೂಟರಿನ ಮಳಿಗೆಗೆ ಬೆಂಕಿ ಬಿತ್ತು. ಹಚ್ಚಿದನೆಂಬ ಆರೋಪದ ಮೇಲೆ ಬಂಧಿತನಾದ 26 ವರ್ಷದ ಯುವಕ ಕೆಲವೇ ದಿನಗಳ ಹಿಂದೆ ಅದೇ ಮಳಿಗೆಯಲ್ಲಿ ಸ್ಕೂಟರು ಕೊಂಡಿದ್ದವನು. ದುರಸ್ತಿಗಾಗಿ ಮತ್ತೆ ಮತ್ತೆ ಅಲೆದು ರೋಸಿದ್ದವನು. ಬೆಂಕಿ ಹಚ್ಚುವುದು ಅಪರಾಧ. ಅದನ್ನು ಸಮರ್ಥಿಸುವ ಮಾತು ಇಲ್ಲಿಲ್ಲ. ಆದರೆ ವರದಿಗಳಲ್ಲಿದ್ದ ಒಂದು ವಿವರವನ್ನು ಬಹಳ ಮಂದಿ ಗಮನಿಸದೆ ದಾಟಿದರು: ಅವನು ವೃತ್ತಿಯಿಂದ ಮೆಕ್ಯಾನಿಕ್. ಪರರ ವಾಹನಗಳನ್ನು ಸರಿಪಡಿಸಿ ಬದುಕುವವನು ತನ್ನ ವಾಹನಕ್ಕಾಗಿ ಮಳಿಗೆಯ ಬಾಗಿಲು ಕಾಯಬೇಕಾಯಿತು. ಅದರ ಮರುತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ನೋಟಿಸು ಕೊಟ್ಟಿತು. ಒಂದು ವರ್ಷದಲ್ಲಿ ಗ್ರಾಹಕ ಸಹಾಯವಾಣಿಗೆ ಬಂದಿದ್ದ ದೂರುಗಳು ಹತ್ತು ಸಾವಿರಕ್ಕೂ ಹೆಚ್ಚು. ಬಹುತೇಕ ಎಲ್ಲವನ್ನೂ ಪರಿಹರಿಸಿದ್ದೇವೆಂದು ಕಂಪನಿ ಉತ್ತರಿಸಿತು. ಪರಿಹಾರವಾಗಿದ್ದರೂ, ದುರಸ್ತಿಯ ದಾರಿ ಒಂದೇ ಬಾಗಿಲಿನ ಮೂಲಕ ಹಾಯುವಾಗ ಆ ಬಾಗಿಲಲ್ಲಿ ಸಾಲು ಬೆಳೆಯದೆ ಇನ್ನೇನಾದೀತು?

ಕಂಪನಿಗಳ ದೊಡ್ಡ ವಾದ ಬೌದ್ಧಿಕ ಆಸ್ತಿಯದು. ತಮ್ಮ ನಕ್ಷೆ, ಸಾಫ್ಟ್‌ವೇರು, ದೋಷ ಹುಡುಕುವ ಉಪಕರಣ ಎಲ್ಲವೂ ತಮ್ಮ ಆಸ್ತಿ, ಬೀದಿ ಬದಿಯ ಗ್ಯಾರೇಜಿಗೆ ಕೊಡಲಾಗದು ಎನ್ನುತ್ತಾರೆ. ವೈಪರಿನ ವಿಷಯದಲ್ಲಂತೂ ಈ ಮಾತು ಕೇಳಿದರೆ ನಗು ಬರುತ್ತದೆ. ಬಿಟ್ಟು ಬಿಟ್ಟು ಒರೆಸುವ ವೈಪರನ್ನು ರೂಪಿಸಿದವನು ರಾಬರ್ಟ್ ಕರ್ನ್ಸ್ ಎಂಬ ಅಮೆರಿಕದ ಎಂಜಿನಿಯರು. ಅವನ ಪೇಟೆಂಟನ್ನು ಬಳಸಿಕೊಂಡು ಹಣ ಕೊಡದ ಕಾರು ಕಂಪನಿಗಳ ವಿರುದ್ಧ ಅವನು 1978ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಫೋರ್ಡ್ ಕಂಪನಿ ಒಂದು ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ರಾಜಿ ಮಾಡಿಕೊಂಡದ್ದು 1990ರಲ್ಲಿ. ಒಬ್ಬ ಮನುಷ್ಯನ ಆಯುಷ್ಯದ ಬಹುಭಾಗ ಅದರಲ್ಲಿಯೇ ಕಳೆಯಿತು. ಆಸ್ತಿಯ ಪಾವಿತ್ರ್ಯ ಈ ಉದ್ಯಮಕ್ಕೆ ಯಾವಾಗ ನೆನಪಾಗುತ್ತದೆ, ಯಾವಾಗ ಮರೆಯುತ್ತದೆ ಎಂಬುದನ್ನು ವೈಪರೇ ಬಲ್ಲದು.

ಭಾರತದಲ್ಲಿ ಈ ವಾದ ಒಮ್ಮೆ ಸೋತಿದೆ ಕೂಡ. ಬಿಡಿಭಾಗಗಳನ್ನೂ ದೋಷ ಹುಡುಕುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ತೀರ್ಪಿತ್ತು, 14 ಕಾರು ಕಂಪನಿಗಳಿಗೆ ಒಟ್ಟು 2544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬೌದ್ಧಿಕ ಆಸ್ತಿಯ ನೆಪವನ್ನು ಆಯೋಗ ಒಪ್ಪಲಿಲ್ಲ. ಮುಂದೆ ಮೇಲ್ಮನವಿಗಳು, ತಡೆಯಾಜ್ಞೆಗಳು, ದಂಡದ ಕಡಿತ ಇತ್ಯಾದಿಗಳ ಕಥೆ ಎಲ್ಲರಿಗೂ ಪರಿಚಿತವಾದ ಕಥೆಯೇ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕಿ'ಗಾಗಿ ಸಮಿತಿ ರಚಿಸಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಕರಣ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಜಾಲತಾಣವೊಂದು ಉದ್ಘಾಟನೆಯಾಯಿತು. ಕಂಪನಿಗಳು ತಾವಾಗಿ ಬಂದು ಮಾಹಿತಿ ಹಾಕಬೇಕು; ಹಾಕದಿದ್ದರೆ ಕೇಳುವ ಕಾನೂನಿಲ್ಲ. ಬಿಚ್ಚಿ ಜೋಡಿಸಲು ಎಷ್ಟು ಸುಲಭವೆಂದು ಅಂಕ ಕೊಡುವ ದುರಸ್ತಿ ಸೂಚ್ಯಂಕಕ್ಕಾಗಿ 2024ರಲ್ಲಿ ಇನ್ನೊಂದು ಸಮಿತಿ ಬಂದಾಗ ಅದು ಹಿಡಿದದ್ದು ಮೊಬೈಲು ಮತ್ತು ಎಲೆಕ್ಟ್ರಾನಿಕ್ ವಸ್ತುಗಳನ್ನು. ಟ್ರ್ಯಾಕ್ಟರು, ಕಾರುಗಳು ಸಾಲಿನಲ್ಲಿ ಹಿಂದೆ ಉಳಿದವು. ಫ್ರಾನ್ಸ್ ಇಂಥ ಸೂಚ್ಯಂಕವನ್ನು 2021ರಲ್ಲಿಯೇ ಜಾರಿಗೆ ತಂದಿತ್ತು. ಅಮೆರಿಕದ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ದುರಸ್ತಿಯ ಹಕ್ಕನ್ನು 2023ರಲ್ಲಿ ಕಾಯಿದೆಯಾಗಿಸಿತು.

ಹೊರನಾಡಿನ ಉದಾಹರಣೆಗಳೇ ಬೇಕೆಂದಿಲ್ಲ. ಈ ನೆಲದ ಕಾಯಿದೆಯೊಂದು ಇದಕ್ಕಿಂತ ಮುಂದೆ ಹೋಗಿದೆ, ಮತ್ತು ಅದು ಹುಟ್ಟಿದ್ದು ಬೀಜದ ಜಗಳದಲ್ಲಿ. 1998ರ ಮಾರ್ಚಿನಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಒಂದು ಹತ್ತಿಬೀಜದ ಕಂಪನಿ ಜಂಟಿಯಾಗಿ ಒಂದು ತಂತ್ರಕ್ಕೆ ಪೇಟೆಂಟ್ ಪಡೆದವು: ಬಿತ್ತಿದ ಬೀಜ ಬೆಳೆ ಕೊಡುತ್ತದೆ, ಆದರೆ ಆ ಬೆಳೆಯ ಬೀಜ ಮತ್ತೆ ಮೊಳೆಯುವುದಿಲ್ಲ. ಜಗತ್ತು ಅದನ್ನು 'ಟರ್ಮಿನೇಟರ್' ಎಂದು ಕರೆಯಿತು. ಅದೇ ವರ್ಷ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘ ಕಾರಟಗಿಯ ನೆರೆಯ ರಾಯಚೂರು ಜಿಲ್ಲೆಯಲ್ಲಿ ಪ್ರಾಯೋಗಿಕ ಹತ್ತಿ ಬೆಳೆಯನ್ನು ಕಿತ್ತು ಸುಟ್ಟಿತು. ವಿಜ್ಞಾನದ ದೃಷ್ಟಿಯಿಂದ ಹೇಳಬೇಕೆಂದರೆ ಆ ಗಿಡಗಳಲ್ಲಿದ್ದದ್ದು ಬಿ.ಟಿ. ಗುಣ, ಟರ್ಮಿನೇಟರ್ ಗುಣವಲ್ಲ. ಆದರೆ ರೈತರು ಅಂಜಿದ್ದ ಸಂಗತಿ ಕಟ್ಟುಕಥೆಯಾಗಿರಲಿಲ್ಲ. ಸಂಸತ್ತು ಅದನ್ನು ಗಂಭೀರವಾಗಿಯೇ ತೆಗೆದುಕೊಂಡಿತು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ, ತಳಿಯನ್ನು ನೋಂದಾಯಿಸುವವರು ಅದರಲ್ಲಿ ಟರ್ಮಿನೇಟರ್ ತಂತ್ರವಿಲ್ಲವೆಂದು ಪ್ರಮಾಣಪತ್ರ ಕೊಡಬೇಕು. 39ನೆಯ ಸೆಕ್ಷನ್ ರೈತನಿಗೆ ತನ್ನ ಬೆಳೆಯ ಬೀಜವನ್ನು ಉಳಿಸುವ, ಮತ್ತೆ ಬಿತ್ತುವ, ಹಂಚುವ, ಮಾರುವ ಹಕ್ಕನ್ನು ಕೊಡುತ್ತದೆ. ಕಂಪನಿಯ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೇ. ತಳಿ ರೂಪಿಸಿದವರ ಆಸ್ತಿಯನ್ನು ಕಾಯಿದೆ ಅಳಿಸಲಿಲ್ಲ. ಆ ಆಸ್ತಿ ಹೊಲದ ಬದುವಿನೊಳಗೆ ಎಲ್ಲಿಯವರೆಗೆ ಕೈಚಾಚಬಹುದೆಂದು ಗೆರೆ ಎಳೆಯಿತು.

ಮೋಟಾರು ಗಟ್ಟಿಯಾಗಿದ್ದು, ತಂತಿ ಸರಿಯಾಗಿದ್ದು, ಕೂರಿಸಿದ ಕೈ ನುರಿತದ್ದಾಗಿದ್ದು, ಆದರೂ ಕಂಪನಿಯ ಅಪ್ಪಣೆಯಿಲ್ಲದೆ ಅಲುಗದ ವೈಪರಿಗೂ ಮೊಳೆಯದ ಬೀಜಕ್ಕೂ ಏನು ಭೇದ? ಕಾರಟಗಿ ಸೀಮೆಯ ರೈತ ಬಿ.ಪಿ.ಟಿ. 5204 ಭತ್ತದ ಬೀಜವನ್ನು ತನ್ನ ಕಣದಿಂದಲೇ ಎತ್ತಿಟ್ಟು ಬಿತ್ತಬಲ್ಲ. ಆ ತಳಿಯನ್ನು ಆಂಧ್ರದ ಬಾಪಟ್ಲದಲ್ಲಿ ರೂಪಿಸಿದ ವಿಜ್ಞಾನಿಗಳಿಗೆ ಇದರಿಂದ ಅವಮಾನವೇನೂ ಆಗಿಲ್ಲ. ಅದೇ ರೈತ ಹಣ ತೆತ್ತು ಕೊಂಡ ಯಂತ್ರದ ಒಂದು ಕೊಂಡಿಯನ್ನು ಬದಲಿಸಲು ನೂರಾರು ಕಿಲೋಮೀಟರ್ ಆಚೆಯ ನಗರಕ್ಕೆ ಅದನ್ನು ಲಾರಿಯ ಮೇಲೆ ಹೇರಿ ಕಳಿಸಬೇಕಾದರೆ ಅವನು ಯಂತ್ರದ ಒಡೆಯನೋ, ಬಾಡಿಗೆದಾರನೋ?

ಕೊಂಡಿಯೊಂದರ ಬೆಲೆಯೇನೆಂದು ಆ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು, ಹತ್ತಾರು ಟಿ.ಎಂ.ಸಿ. ನೀರು ಗದ್ದೆ ಕಾಣದೆ ಹೋಯಿತು. ವಯಸ್ಸಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಸಲಹೆಯಂತೆ ಹೊಸಪೇಟೆ ಸುತ್ತಿನ ಕಾರ್ಖಾನೆಗಳಲ್ಲಿ ಉಕ್ಕಿನ ಹಲಗೆಗಳನ್ನು ತಯಾರಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಬಾಯಿ ಮುಚ್ಚಲಾಯಿತು. ಅದು ಸಾಧ್ಯವಾದದ್ದು ಏಕೆ? 1950ರ ದಶಕದ ಆ ಗೇಟಿಗೆ ಬೀಗ ಹಾಕಿದ ಸಾಫ್ಟ್‌ವೇರು ಇರಲಿಲ್ಲ. ಅದರ ಅಳತೆ ಅಣೆಕಟ್ಟಿನವರಲ್ಲಿಯೇ ಇತ್ತು, ಕಬ್ಬಿಣ ಕಡಿದು ಬೆಸೆಯಬಲ್ಲ ಕೈಗಳು ಹತ್ತಿರದಲ್ಲಿದ್ದವು. ಈ ಪ್ರಸಂಗಕ್ಕೆ ಇನ್ನೊಂದು ಮುಖವಿದೆ, ಅದನ್ನೂ ಹೇಳಬೇಕು. ಸರಪಳಿಯನ್ನು ಕಾಲಕಾಲಕ್ಕೆ ನೋಡಿ ಬದಲಿಸಿದ್ದರೆ, ಆಪತ್ತಿಗೆಂದು ಹಲಗೆಗಳನ್ನು ಮೊದಲೇ ಸಿದ್ಧವಾಗಿಟ್ಟಿದ್ದರೆ ಆ ರಾತ್ರಿಯೇ ಬರುತ್ತಿರಲಿಲ್ಲ. ಗೇಟುಗಳನ್ನೆಲ್ಲ ಬದಲಿಸಲೆಂದು 2025–26ರಲ್ಲಿ ಎರಡನೆಯ ಬೆಳೆಗೆ ಕಾಲುವೆ ನೀರು ಬಿಡಲಿಲ್ಲ. ದುರಸ್ತಿಯನ್ನು ಕೀಳು ಕೆಲಸವೆಂದು ಬಗೆದ ಆಡಳಿತದ ಸಾಲವನ್ನು ಗದ್ದೆಗಳು ತೀರಿಸಿದವು.

ಮಲೆನಾಡಿನವರಿಗೆ ಈ ಮಾತು ಇನ್ನೊಂದು ಬಗೆಯಲ್ಲಿ ಗೊತ್ತು. ಘಟ್ಟದ ತೋಟಗಳಲ್ಲಿ ನಲವತ್ತು ವರ್ಷ ದಾಟಿದ ಜೀಪುಗಳು ಇನ್ನೂ ಏರು ಹತ್ತುತ್ತಿವೆ. ತಯಾರಕರು ಆ ಮಾದರಿಯನ್ನು ಮರೆತು ಎಷ್ಟೋ ಕಾಲವಾಯಿತು. ಊರಿನ ಮೆಕ್ಯಾನಿಕ್ಕುಗಳು ಮರೆಯಲಿಲ್ಲ. ಆ ಜೀಪು ಹೊಗೆ ಉಗುಳುತ್ತದೆ, ಅದನ್ನು ಹೊಗಳುವ ಉದ್ದೇಶವಿಲ್ಲ. ಆದರೆ ವಿದ್ಯುತ್ ಕಾರಿಗೂ ಅಂಥದೇ ಆಯುಷ್ಯ ಬೇಕಲ್ಲವೇ? ಬೆಂಗಳೂರಿನಲ್ಲಿಯೇ ಹುಟ್ಟಿ 2001ರಲ್ಲಿ ರಸ್ತೆಗಿಳಿದ ರೇವಾ, ಭಾರತದ ವಿದ್ಯುತ್ ಕಾರುಗಳ ಹಿರಿಯಕ್ಕ. ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹಲಗೆ ಹೊದಿಸಿದ ಸರಳ ಗಾಡಿ. 2010ರಲ್ಲಿ ಕಂಪನಿ ಮಹೀಂದ್ರಾದ ಕೈ ಸೇರಿತು, ಹೊಸ ಮಾದರಿ ಬಂದಿತು, ಕೆಲವೇ ವರ್ಷಗಳಲ್ಲಿ ಅದೂ ನಿಂತಿತು. ಕಂಪನಿಗಳು ಕೈ ಬದಲಾಗುತ್ತವೆ, ಮಾದರಿಗಳು ಸಾಯುತ್ತವೆ. ವ್ಯಾಪಾರದಲ್ಲಿ ಇದು ಸಹಜ. ಹಾಗಿರುವಾಗ ಕಾರಿನ ಬೀಗದ ಕೈ ಕಂಪನಿಯೊಬ್ಬರಲ್ಲಿಯೇ ಇದ್ದರೆ, ಕಂಪನಿ ಮಗ್ಗುಲು ಬದಲಿಸಿದ ದಿನ ಗಟ್ಟಿಮುಟ್ಟಾದ ಕಾರೂ ಕಸ.

ವಿದ್ಯುತ್ ವಾಹನಗಳಿಗೆ ಸಾರ್ವಜನಿಕ ಹಣ ಹರಿಯುತ್ತಿರುವುದರಿಂದ ಕೇಳುವ ಅಧಿಕಾರ ಜನರಿಗಿದೆ. ದೇಶದಲ್ಲಿ ಮೊದಲು ವಿದ್ಯುತ್ ವಾಹನ ನೀತಿ ಪ್ರಕಟಿಸಿದ ರಾಜ್ಯ ಕರ್ನಾಟಕ, 2017ರಲ್ಲಿ. ವರ್ಷಗಟ್ಟಲೆ ಈ ವಾಹನಗಳಿಗೆ ರಸ್ತೆ ತೆರಿಗೆಯ ವಿನಾಯಿತಿ ಸಿಕ್ಕಿತು. ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಗೆ 2024ರಲ್ಲಿ ತೆಗೆದಿಟ್ಟ ಮೊತ್ತ 10,900 ಕೋಟಿ ರೂಪಾಯಿ. ಇದು ಕಾರು ಕೊಳ್ಳುವವರಿಗಲ್ಲ, ಸ್ಕೂಟರು, ಆಟೋ, ಬಸ್ಸುಗಳಿಗೆ. ಅಂದರೆ ಹಳ್ಳಿಗೆ ಮೊದಲು ಬರುವ ವಾಹನಗಳಿಗೆ. ಸಬ್ಸಿಡಿ ಪಡೆಯುವ ಪ್ರತಿ ವಾಹನದ ಬಿಡಿಭಾಗದ ನಕ್ಷೆ ಮತ್ತು ಬಿಚ್ಚುವ ಕ್ರಮ ಕನ್ನಡದಲ್ಲಿ ದೊರೆಯಬೇಕು. ಬುಶ್, ಕ್ಲಿಪ್ಪು, ಕೀಲುಗಳು ಬಿಡಿಯಾಗಿ ಮಾರಾಟವಾಗಬೇಕು. ಮೋಟಾರನ್ನು ಒಪ್ಪಿಸುವ ಉಪಕರಣ ನ್ಯಾಯವಾದ ಬೆಲೆಗೆ ಯಾವ ಗ್ಯಾರೇಜಿಗಾದರೂ ಸಿಗಬೇಕು. ಮಾದರಿ ನಿಂತ ದಿನ ಸಾಫ್ಟ್‌ವೇರಿನ ಬೀಗ ತೆರೆಯಬೇಕು. ಈ ಷರತ್ತುಗಳನ್ನು ಹಾಕಲು ಹೊಸ ಕಾಯಿದೆಯೂ ಬೇಕಿಲ್ಲ, ಸಬ್ಸಿಡಿಯ ಆದೇಶದಲ್ಲಿ ನಾಲ್ಕು ಸಾಲು ಸಾಕು. ಐ.ಟಿ.ಐ.ಗಳಲ್ಲಿ ವಿದ್ಯುತ್ ವಾಹನ ಮೆಕ್ಯಾನಿಕ್ ತರಗತಿಗಳೇನೋ ಬಂದಿವೆ. ಅಲ್ಲಿ ಕಲಿತ ಹುಡುಗ ಊರಿಗೆ ಮರಳಿ ಅಂಗಡಿ ತೆರೆದಾಗ ಅವನ ಮುಂದೆ ಮುಚ್ಚಿದ ಬಾನೆಟ್ಟು ಇದ್ದರೆ ಆ ತರಗತಿ ಯಾರಿಗಾಗಿ?

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿಯೂ ಒಂದಿಷ್ಟು ಶಕ್ತಿ ಉಳಿದಿದೆ. ವಿದ್ಯುತ್ ಕಾರನ್ನೋ, ಸರಕಿನ ಆಟೋವನ್ನೋ, ನಾಳೆ ಬರಲಿರುವ ವಿದ್ಯುತ್ ಟ್ರ್ಯಾಕ್ಟರನ್ನೋ ಕೊಳ್ಳಹೊರಟವರು ಮುಂಗಡ ಕೊಡುವ ಮುನ್ನ ಬ್ಯಾಟರಿ ಎಷ್ಟು ಕಿಲೋಮೀಟರ್ ಓಡುತ್ತದೆಂದು ಕೇಳುವ ಜೊತೆಗೇ ಇನ್ನೂ ಮೂರು ಮಾತು ಕೇಳಲಿ. ವೈಪರ್ ಲಿಂಕಿನ ಬುಶ್ ಬಿಡಿಯಾಗಿ ಸಿಗುತ್ತದೆಯೇ? ಹೊಸ ಮೋಟಾರನ್ನು ಊರಿನ ಗ್ಯಾರೇಜಿನಲ್ಲಿ ಕೂರಿಸಿದರೆ ಅದು ಓಡುತ್ತದೆಯೇ? ಹಾಗೆ ಕೂರಿಸಿದ ಕಾರಣಕ್ಕೆ ಉಳಿದ ಭಾಗಗಳ ವಾರಂಟಿ ರದ್ದಾಗುತ್ತದೆಯೇ? ಉತ್ತರ ಕಾಗದದ ಮೇಲೆ ಬರಲಿ, ಮಳಿಗೆಯ ಮುದ್ರೆಯೊಡನೆ. ಕೊಟ್ಟ ಮಾತು ಮುಂದೆ ಸುಳ್ಳಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ, ತಾರೀಖು ಸಹಿತ ದೂರು ದಾಖಲಿಸಬಹುದು. ದೂರು ಕೊಡುವಾಗ ಆ ಕಾಗದದ ಪ್ರತಿ ಕೈಯಲ್ಲಿರಲಿ.